ಸ್ಲೀವ್ ಆದ ಮೇಲೆ ಮುದ್ದೆ ತಿನ್ನಬಹುದಾ?

ತೂಕ ಇಳಿಸೋಕೆ ಹೊಟ್ಟೆಯ ಚೀಲವನ್ನು ಚಿಕ್ಕದು ಮಾಡೋ ಸ್ಲೀವ್ ಆಪರೇಷನ್ ಆಗಿ ಮೂರು ತಿಂಗಳು, ಮುದ್ದೆ ತಿಂದರೆ ಎದೆ ಹತ್ತಿರ ಸಿಕ್ಕಿಕೊಂಡ ಹಾಗಾಗುತ್ತೆ, ಕೂದಲೂ ಉದುರುತ್ತಿದೆ ಅಂದಿರಲ್ಲ. ಮುದ್ದೆ ನಾವು ಅಗಿಯದೆ ನುಂಗೋದು, ತೊಂದರೆ ಅಲ್ಲೇ. ಸದ್ಯ ಬಿಟ್ಟುಬಿಡಿ. ತಟ್ಟೆಯಲ್ಲಿ ಮೊದಲು ಮೊಟ್ಟೆ, ಮೀನು ಅಥವಾ ಪನೀರ್ ಚೆನ್ನಾಗಿ ಅಗಿದು ತಿನ್ನಿ, ಜಾಗ ಉಳಿದರೆ ಅನ್ನ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಬೇಕು. ತಿಳಿಸಾರಿನಿಂದ ಅದು ಆಗೋ ಮಾತಲ್ಲ. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಈ ಹೊತ್ತಿಗೆ ಕೂದಲು ಉದುರೋದು ಮಾಮೂಲು, ಹೆಚ್ಚಿನವರಿಗೆ ಮತ್ತೆ ಬರುತ್ತೆ. ಆದರೂ ಕಬ್ಬಿಣ, ಬಿ12 ಪರೀಕ್ಷೆ ಮಾಡಿಸಿ. ಡಾಕ್ಟರ್ ಒಪ್ಪಿದರೆ ನಡಿಗೆ ಜೊತೆ ಹಗುರ ತೂಕವನ್ನೂ ಎತ್ತಿ, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ನೀರೂ ಇಳಿಯದೆ ವಾಂತಿ ಆಗ್ತಿದ್ದರೆ ಮಾತ್ರ ಇಲ್ಲಿ ಕೇಳ್ತಾ ಕೂರಬೇಡಿ, ಅವತ್ತೇ ಸರ್ಜನ್ ಹತ್ತಿರ ಹೋಗಿ.