ಲಸಿಕೆಯ ಬಳಿಕ ಕೆರಳಿದ ಸೋರಿಯಾಸಿಸ್: ಶಿಡ್ಲಘಟ್ಟದ ಓದುಗರಿಗೆ ಉತ್ತರ

(ಪತ್ರದ ಸಾರಾಂಶ: ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ ನನ್ನ ತಂದೆಗೆ ಅರವತ್ತು ದಾಟಿದೆ. ಸಕ್ಕರೆ ಕಾಯಿಲೆಯೂ ಬಹುಕಾಲದ ಸೋರಿಯಾಸಿಸ್ಸೂ ಇವೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡ ಎರಡು ವಾರದೊಳಗೆ ಮೊಣಕೈ, ಮೊಣಕಾಲು, ತಲೆಯ ತುಂಬ ಹೊಟ್ಟೆದ್ದು, ತಿಂಗಳುಗಟ್ಟಲೆ ನರಳಿದರು. ಈಗ ನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆಯಲ್ಲಿದ್ದಾರೆ. ವೈದ್ಯರು ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿ ಎನ್ನುತ್ತಾರೆ, ನೆಂಟರು ‘ಸೂಜಿ ನಂಜಾಗುತ್ತದೆ, ಬೇಡ’ ಎನ್ನುತ್ತಾರೆ. ತಂದೆಯೂ ಒಪ್ಪುತ್ತಿಲ್ಲ. ಏನು ಮಾಡಲಿ?)

ಮಾನ್ಯರೇ,

ನಿಮ್ಮ ತಂದೆಯವರ ಅನುಭವವನ್ನು ಭ್ರಮೆ ಎಂದು ಯಾರೂ ತಳ್ಳಿಹಾಕಬಾರದು. ಲಸಿಕೆಯ ನಂತರದ ದಿನಗಳಲ್ಲಿ ಸೋರಿಯಾಸಿಸ್ ಕೆರಳಿದ, ಕೆಲವೊಮ್ಮೆ ಹೊಸದಾಗಿ ಕಾಣಿಸಿಕೊಂಡ ಪ್ರಕರಣಗಳನ್ನು ಹಲವು ದೇಶಗಳ ಚರ್ಮರೋಗ ತಜ್ಞರು ದಾಖಲಿಸಿದ್ದಾರೆ. ಕೋವಿಡ್ ಲಸಿಕೆಗಳಿಗಿಂತ ಮೊದಲೇ ಬಿಸಿಜಿ ಮತ್ತು ಫ್ಲೂ ಲಸಿಕೆಗಳ ಬಗ್ಗೆಯೂ ಅಂಥ ವರದಿಗಳು ಬಂದಿದ್ದವು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆರೋಗ್ಯವಂತರಲ್ಲಿ ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು, ಸೋರಿಯಾಸಿಸ್‌ನಲ್ಲಿ ಅದು ಮೂರರಿಂದ ಐದು ದಿನಗಳಲ್ಲೇ ನಡೆದುಹೋಗಿ ಹೊಟ್ಟಾಗಿ ಉದುರುತ್ತದೆ. ಈ ಅವಸರದ ಹಿಂದಿರುವುದು ರಕ್ತದ ಟಿ-ಕಣಗಳು (ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ಮತ್ತು ಅವು ಹೊರಡಿಸುವ ಇಂಟರ್‌ಲ್ಯೂಕಿನ್-17ರಂಥ ಸಂದೇಶ ರಾಸಾಯನಿಕಗಳು. ಲಸಿಕೆಯ ಕೆಲಸವೇ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವುದಾದ್ದರಿಂದ, ಮೊದಲೇ ತಪ್ಪು ದಿಕ್ಕಿನಲ್ಲಿ ಚುರುಕಾಗಿರುವ ಆ ವ್ಯವಸ್ಥೆ ಕೆಲವರಲ್ಲಿ ಸ್ವಲ್ಪ ಕಾಲ ಇನ್ನಷ್ಟು ಕೆರಳಬಹುದು. ಸೂಜಿ ಚುಚ್ಚಿದ ಜಾಗದಲ್ಲೇ ಕಲೆ ಏಳುವುದು ಬೇರೆ ಮಾತು: ಗಾಯವಾದಲ್ಲಿ, ಉಜ್ಜಿದಲ್ಲಿ ಸೋರಿಯಾಸಿಸ್ ಮೂಡುವುದನ್ನು ಜರ್ಮನಿಯ ವೈದ್ಯ ಹೈನ್ರಿಕ್ ಕೋಬ್ನರ್ 1872ರಷ್ಟು ಹಿಂದೆಯೇ ವಿವರಿಸಿದ್ದರು. ದಿನವಿಡೀ ಬಿಸಿನೀರಿನಲ್ಲಿ ಗೂಡುಗಳ ನಡುವೆ ಕೈಯಾಡಿಸುವವರ ಅಂಗೈ, ಬೆರಳುಗಳು ಬೇಗ ಕೆಡುವುದಕ್ಕೂ ಇದೇ ಒಂದು ಕಾರಣವಾಗಿರಬಹುದು.

ಆದರೆ 2021ರ ಆ ತಿಂಗಳುಗಳನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಲಾಕ್‌ಡೌನ್‌ನಲ್ಲಿ ಮುಲಾಮು, ಮಾತ್ರೆ ತಪ್ಪಿದ್ದವೇ? ಮನೆಯಲ್ಲಿ ಯಾರಿಗಾದರೂ ಸೋಂಕು ತಗುಲಿ ತಂದೆಯವರಿಗೂ ಜ್ವರ ಬಂದಿತ್ತೇ? ಆಗ ಅನೇಕರು ಮುನ್ನೆಚ್ಚರಿಕೆಗೆಂದು ನುಂಗುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಅವರೂ ತೆಗೆದುಕೊಂಡಿದ್ದರೇ? ಅದರಂಥ ಮಲೇರಿಯಾ ವಿರೋಧಿ ಔಷಧಗಳು ಸೋರಿಯಾಸಿಸ್ ಕೆರಳಿಸುತ್ತವೆಂಬುದು ಹಳೆಯ ತಿಳಿವಳಿಕೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಮತ್ತು ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳೂ ಅದೇ ಪಟ್ಟಿಯಲ್ಲಿವೆ. ಕೋವಿಡ್‌ಗೆಂದು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದವರಲ್ಲಂತೂ ಕೀವುಗುಳ್ಳೆಗಳೇಳುವ ಉಗ್ರ ಬಗೆಯ ಸೋರಿಯಾಸಿಸ್ ಬರುವುದುಂಟು. ದುಡಿಮೆ ನಿಂತ ಚಿಂತೆಯೊಂದೇ ಸಾಕಾಗುವ ಕಾಯಿಲೆ ಇದು. ಇಷ್ಟೆಲ್ಲ ಒಟ್ಟಿಗೆ ನಡೆದ ಕಾಲದಲ್ಲಿ, ತಾನಾಗಿಯೇ ಏರಿಳಿಯುವ ಸ್ವಭಾವದ ಕಾಯಿಲೆಯೊಂದು ಲಸಿಕೆಯ ಮರುವಾರ ಏರಿದರೆ, ಕಣ್ಣಿಗೆ ಬೀಳುವುದು ಸೂಜಿಯೊಂದೇ. ಅದು ಕಾರಣವಲ್ಲವೆಂದು ನಾನು ಹೇಳುತ್ತಿಲ್ಲ, ಅದೊಂದೇ ಕಾರಣವೆಂದು ತೀರ್ಮಾನಿಸಿ ಮುಂದಿನ ಎಲ್ಲ ಲಸಿಕೆಗಳ ಬಾಗಿಲು ಮುಚ್ಚಬೇಡಿ ಎನ್ನುತ್ತಿದ್ದೇನೆ.

ಏಕೆಂದರೆ ಸೋಂಕು ತಾನೇ ಸೋರಿಯಾಸಿಸ್‌ನ ದೊಡ್ಡ ಪ್ರಚೋದಕ. ಸ್ಟ್ರೆಪ್ಟೋಕಾಕಸ್ ಗಂಟಲು ಬೇನೆಯಾದ ಎರಡು ಮೂರು ವಾರಕ್ಕೆ ಮಕ್ಕಳ, ಯುವಕರ ಮೈಮೇಲೆ ಹನಿ ಹನಿಯಾಗಿ ಕೆಂಪು ಕಲೆಗಳೇಳುವುದನ್ನು ವೈದ್ಯರು ಸಾಮಾನ್ಯವಾಗಿ ಕಾಣುತ್ತಾರೆ. ಕೋವಿಡ್ ಸೋಂಕಿನ ನಂತರವೂ ಉಲ್ಬಣವಾದ ಉದಾಹರಣೆಗಳಿವೆ. ವಯಸ್ಸು, ಸಕ್ಕರೆ ಕಾಯಿಲೆ, ನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ, ಈ ಮೂರೂ ಕೂಡಿರುವ ನಿಮ್ಮ ತಂದೆಯವರಿಗೆ ಫ್ಲೂ ಅಥವಾ ನ್ಯುಮೋನಿಯಾ ಬಂದರೆ ಅದು ಚರ್ಮದ ಮಟ್ಟಿಗೆ ನಿಲ್ಲುವುದಿಲ್ಲ. ಲಸಿಕೆಯ ನಂತರದ ಉಲ್ಬಣವಾದರೋ ಹೆಚ್ಚಿನವರಲ್ಲಿ ಎಂದಿನ ಚಿಕಿತ್ಸೆಯಿಂದಲೇ ಹತೋಟಿಗೆ ಬಂದಿದೆ. ಇವೆರಡನ್ನೂ ಎದುರುಬದುರಿಟ್ಟು ನೋಡಿದರೆ, ಲಸಿಕೆ ಹಾಕಿಸುವುದೇ ಸರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಯಾವ ಲಸಿಕೆ ಎಂಬುದು ಮಾತ್ರ ಮುಖ್ಯ. ಚುಚ್ಚುಮದ್ದಿನ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ, ಹೆಪಟೈಟಿಸ್ ಬಿ, ಧನುರ್ವಾಯು, ಇವುಗಳಲ್ಲಿ ಜೀವಂತ ರೋಗಾಣು ಇಲ್ಲ. ದಡಾರ ಸೇರಿರುವ ಎಂಎಂಆರ್, ಚಿಕನ್‌ಪಾಕ್ಸ್, ಹಳದಿ ಜ್ವರದ ಲಸಿಕೆ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಮುಂತಾದವುಗಳಲ್ಲಿ ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವುದರಿಂದ, ನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್, ಸೈಕ್ಲೋಸ್ಪೋರಿನ್ ಅಥವಾ ಬಯೋಲಾಜಿಕ್ ಚುಚ್ಚುಮದ್ದು ಪಡೆಯುವವರು ಚರ್ಮರೋಗ ತಜ್ಞರನ್ನು ಕೇಳದೆ ಅವನ್ನು ಹಾಕಿಸಿಕೊಳ್ಳಬಾರದು. ಫ್ಲೂ ಲಸಿಕೆಯ ನಂತರ ಮೆಥೊಟ್ರೆಕ್ಸೇಟನ್ನು ಎರಡು ವಾರ ತಡೆಹಿಡಿದರೆ ಲಸಿಕೆಯ ಫಲ ಹೆಚ್ಚುತ್ತದೆಂದು ಸಂಧಿವಾತದ ರೋಗಿಗಳಲ್ಲಿ ಕಂಡುಬಂದಿದೆ. ನಿಮ್ಮ ತಂದೆಯವರಿಗೆ ಅದು ಸೂಕ್ತವೇ ಎಂಬುದನ್ನು ಅವರ ವೈದ್ಯರೇ ಹೇಳಬೇಕು, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅದು ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಮಾತ್ರೆ ಎಂಬುದನ್ನೂ ಮನೆಯವರೆಲ್ಲ ತಿಳಿದಿರಲಿ, ದಿನವೂ ನುಂಗಿ ಪ್ರಾಣಾಪಾಯಕ್ಕೆ ಸಿಕ್ಕಿದವರಿದ್ದಾರೆ.

ನೀವು ಕೇಳಿಲ್ಲ, ಆದರೂ ಬರೆಯಲೇಬೇಕು: ನಾಯಿ ಕಚ್ಚಿದರೆ ಸೋರಿಯಾಸಿಸ್‌ನ ನೆಪದಲ್ಲಿ ರೇಬೀಸ್ ಲಸಿಕೆಯನ್ನು ಒಂದು ದಿನವೂ ಮುಂದೂಡಬಾರದು. ಅದು ನಿಷ್ಕ್ರಿಯ ಲಸಿಕೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ಅತಿ ವಿರಳ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿರುವುದನ್ನು ಅಲ್ಲಿನ ವೈದ್ಯರಿಗೆ ತಪ್ಪದೆ ತಿಳಿಸಿ.

ಇನ್ನು ತಂದೆಯವರನ್ನು ಒಪ್ಪಿಸುವ ಬಗೆ. ವಾದ ಮಾಡಬೇಡಿ, ಅವರ ಭಯಕ್ಕೆ ಆಧಾರವಿದೆ ಎಂದು ಮೊದಲು ಒಪ್ಪಿಕೊಳ್ಳಿ. ಕಾಯಿಲೆ ಹತೋಟಿಯಲ್ಲಿರುವ ಸಮಯ ನೋಡಿ, ಎರಡು ಲಸಿಕೆಗಳನ್ನು ಒಂದೇ ದಿನ ಹಾಕಿಸುವ ಬದಲು ಬಿಡಿಬಿಡಿಯಾಗಿ ಹಾಕಿಸಬಹುದೇ ಎಂದು ವೈದ್ಯರನ್ನು ಕೇಳಿ. ಹಾಗೆ ಮಾಡಿದರೆ ಕೆರಳಿಸಿದ್ದು ಯಾವುದೆಂದು ತಿಳಿಯುವುದೂ ಸುಲಭ. ಲಸಿಕೆಗೆ ಮುಂಚೆ ಮೊಣಕೈ, ಮೊಣಕಾಲುಗಳ ಫೋಟೊ ತೆಗೆದಿಟ್ಟುಕೊಂಡು, ಮುಂದಿನ ಕೆಲವು ವಾರ ಹೋಲಿಸಿ ನೋಡಿ. ಕಲೆ ಹೆಚ್ಚಿದರೆ ಯಾವ ಮುಲಾಮು, ಎಷ್ಟು ದಿನ ಎಂಬುದನ್ನು ಮೊದಲೇ ಬರೆಸಿಕೊಂಡಿರಿ. ಮೈಯೆಲ್ಲ ಕೆಂಪಾದರೆ, ಕೀವುಗುಳ್ಳೆ ಎದ್ದರೆ, ಜ್ವರ ಬಂದರೆ ಅಥವಾ ಬೆರಳಿನ ಗಿಣ್ಣುಗಳು ಊದಿಕೊಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಉಲ್ಬಣವಾದ ಪಕ್ಷದಲ್ಲಿ ಅದನ್ನು ವರದಿ ಮಾಡುವಂತೆ ಲಸಿಕೆ ಹಾಕಿದವರಿಗೆ ತಿಳಿಸಿ, ಇಲ್ಲವೇ ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ನೀವೇ ಕರೆ ಮಾಡಿ.

- ಸಂಪಾದಕ