ಎಡತೋಳೋ ಬಲತೋಳೋ? ಮೊದಲು ಗುಂಡಿ ನೋಡಿ

ಮೊದಲ ಮಹಾಯುದ್ಧದ ಒಬ್ಬ ಬ್ರಿಟಿಷ್ ಸೈನಿಕನ ಫೋಟೋ ಇಟ್ಟುಕೊಂಡು ಪುಟ್ಟ ಮಾದರಿ ಮಾಡುತ್ತಿದ್ದೀರಿ. ಅದೇ ಫೋಟೋದ ಒಂದು ಪ್ರತಿಯಲ್ಲಿ ಮುಂಗೈ ಮೇಲಿನ ‘ವಿ’ ಆಕಾರದ ಪಟ್ಟಿಗಳು ಎಡತೋಳಿನಲ್ಲಿವೆ, ಇನ್ನೊಂದು ಪ್ರತಿಯಲ್ಲಿ ಬಲತೋಳಿನಲ್ಲಿ. ಯಾವುದನ್ನು ನಂಬಲಿ, ಯಾವ ಬಣ್ಣ ಬಳಿಯಲಿ ಅಂತ ಕೇಳಿದ್ದೀರಿ. ನಾನೂ ಬಹಳ ವರ್ಷದಿಂದ ಇದೇ ಹುಚ್ಚಿನವನು, ಇದೇ ಗುಂಡಿಗೆ ಬಿದ್ದು ಎದ್ದವನು. ಅದರಿಂದ ಮೇಲೆ ಬರುವುದಕ್ಕೂ ಗುಂಡಿಯೇ ದಾರಿ, ಕೋಟಿನ ಗುಂಡಿ.

ಗಂಡಸರ ಕೋಟಿನಲ್ಲಿ ಎಡಮಗ್ಗುಲಿನ ಅಂಚು ಬಲಮಗ್ಗುಲಿನ ಮೇಲೆ ಬರುತ್ತದೆ. ನಮ್ಮೆದುರು ನಿಂತವನನ್ನು ನೋಡುವಾಗ, ನಮ್ಮ ಬಲಗಡೆಯಿಂದ ಬಂದ ಬಟ್ಟೆ ಮೇಲಿರಬೇಕು. ತಿರುವುಮುರುವಾಗಿದ್ದರೆ ಫೋಟೋ ಮಗುಚಿದೆ ಅಂತಲೇ ಅರ್ಥ. ಗಾಜಿನ ನೆಗೆಟಿವ್ ಅನ್ನು ಯಾರೋ ಉಲ್ಟಾ ಇಟ್ಟು ಪ್ರತಿ ತೆಗೆದಿರುತ್ತಾರೆ, ಅಷ್ಟೆ. ಕೈಯಲ್ಲಿ ರೈಫಲ್ ಇದ್ದರೆ ಇನ್ನೂ ಸುಲಭ: ಲೀ ಎನ್‌ಫೀಲ್ಡ್‌ನ ಬೋಲ್ಟಿನ (ತೋಟಾವನ್ನು ಒಳಗೆ ತಳ್ಳುವ ಸರಳಿನ) ಹಿಡಿ ಬಲಗಡೆಗೇ ಇರುವುದು. ಈ ಎರಡನ್ನು ನೋಡಿದರೆ ನಿಮ್ಮ ಎರಡು ಪ್ರತಿಗಳಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು ಅಂತ ನಿಮಿಷದಲ್ಲಿ ಗೊತ್ತಾಗುತ್ತದೆ.

ಇದೇನು ಸಣ್ಣ ವಿಷಯವಲ್ಲ. ಬ್ರಿಟಿಷ್ ಸೈನ್ಯದಲ್ಲಿ ತುದಿ ಮೇಲಕ್ಕೆ ಮಾಡಿದ ‘ವಿ’ ಪಟ್ಟಿ ಎಡ ಮುಂಗೈ ಮೇಲಿದ್ದರೆ ಅದು ಒಳ್ಳೆಯ ನಡತೆಗೆ ಕೊಟ್ಟದ್ದು. ಬಲ ಮುಂಗೈ ಮೇಲೆ ಚಿಕ್ಕದಾಗಿದ್ದರೆ ವಿದೇಶದಲ್ಲಿ ಸೇವೆ ಮಾಡಿದ್ದಕ್ಕೆ. ಈ ಎರಡನೆಯದು ಬಳಕೆಗೆ ಬಂದದ್ದೇ 1918ರಲ್ಲಿ. ಅಂದರೆ ಫೋಟೋ ಮಗುಚಿದರೆ ವ್ಯಕ್ತಿಯ ಚರಿತ್ರೆಯೇ ಮಗುಚುತ್ತದೆ. ಯುದ್ಧದ ಕೊನೆಯ ವರ್ಷದ ಸೈನಿಕ ಯುದ್ಧಕ್ಕೆ ಮುಂಚಿನ ಹಳೆಹುಲಿಯಾಗಿಬಿಡುತ್ತಾನೆ. ಎಡ ಮುಂಗೈ ಮೇಲೆ ನೆಟ್ಟಗೆ ನಿಂತ ಸಣ್ಣ ಚಿನ್ನದ ಗೆರೆ ಕಂಡರೆ ಅದು ಗಾಯಗೊಂಡದ್ದರ ಗುರುತು, 1916ರಲ್ಲಿ ಶುರುವಾದದ್ದು.

ಇನ್ನೂ ಹಿಂದಿನ ಕಾಲದ ಚಿತ್ರಗಳಲ್ಲಿ ಉಲ್ಟಾ ಆಗಿರುವುದೇ ಸಹಜ. ಲೋಹದ ತಗಡಿನ ಮೇಲೆ ತೆಗೆಯುತ್ತಿದ್ದ ಡಗೆರೋಟೈಪ್, ಟಿನ್‌ಟೈಪ್‌ಗಳಲ್ಲಿ ನೆಗೆಟಿವ್ ಅನ್ನುವುದೇ ಇಲ್ಲ. ಕ್ಯಾಮೆರಾದೊಳಗೆ ಇಟ್ಟ ತಗಡೇ ಕೊನೆಯ ಚಿತ್ರ, ಆದ್ದರಿಂದ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ. ಅಮೆರಿಕದ ಅಂತರ್ಯುದ್ಧದ ಸೈನಿಕರ ಬೆಲ್ಟಿನ ಬಿಲ್ಲೆಯ ಮೇಲಿನ ಅಕ್ಷರಗಳು ಹಿಂದುಮುಂದಾಗಿರುವುದು ಇದಕ್ಕೇ. ಬಿಲ್ಲಿ ದ ಕಿಡ್ ಸೈನಿಕನಲ್ಲ, ಅಮೆರಿಕದ ಕುಖ್ಯಾತ ಬಂದೂಕುಗಾರ, ಆದರೂ ಅವನ ಕತೆ ಹೇಳದಿದ್ದರೆ ಆಗುವುದಿಲ್ಲ. ಅವನ ಟಿನ್‌ಟೈಪ್ ನೋಡಿ ಜನ ಅವನನ್ನು ಎಡಚ ಅಂತ ಎಷ್ಟೋ ಕಾಲ ನಂಬಿದ್ದರು. ಕೈಯಲ್ಲಿದ್ದ 1873ರ ಮಾದರಿಯ ವಿಂಚೆಸ್ಟರ್‌ಗೆ ತೋಟಾ ತುಂಬುವ ಕಿಂಡಿ ಬಲಗಡೆ ಇರಬೇಕು, ಚಿತ್ರದಲ್ಲಿ ಎಡಗಡೆ ಇತ್ತು. ಅಲ್ಲಿಗೆ ಎಡಚನ ಕತೆ ಮುಗಿಯಿತು. ಇದರಲ್ಲೂ ಒಂದು ತಮಾಷೆ ಇದೆ: ಚಿತ್ರ ಉಲ್ಟಾ ಬರುತ್ತದೆ ಅಂತ ಗೊತ್ತಿದ್ದ ಕೆಲವು ಸೈನಿಕರು ಸಲಕರಣೆಗಳನ್ನೇ ಬೇಕೆಂದು ಆಚೆಯಿಂದ ಈಚೆಗೆ ಹಾಕಿಕೊಂಡು ಕೂರುತ್ತಿದ್ದರು. ಹಾಗಾಗಿ ಯಾವತ್ತೂ ಒಂದೇ ಗುರುತು ನೋಡಿ ತೀರ್ಮಾನಿಸಬೇಡಿ. ಕತ್ತಿ ಸರಿಯಾಗಿದ್ದು ಗುಂಡಿ ತಪ್ಪಾಗಿದ್ದರೆ ನಾನು ಗುಂಡಿಯನ್ನೇ ನಂಬುತ್ತೇನೆ. ಕತ್ತಿಯನ್ನು ಬದಲಿಸಬಹುದು, ಕೋಟಿನ ಹೊಲಿಗೆಯನ್ನು ಬದಲಿಸಲಾಗದು.

ಈಗ ಬಣ್ಣ. ನಾನು ಮೊದಲು ಮಾಡಿದ ಕುದುರೆ ಸವಾರ ಅಮೆರಿಕದ ಅಂತರ್ಯುದ್ಧದವನು. ಚಿತ್ರದಲ್ಲಿ ಜಾಕೆಟ್ಟಿನ ಅಂಚುಪಟ್ಟಿ ಕಪ್ಪಾಗಿ ಕಂಡಿತು, ಕಪ್ಪೇ ಬಳಿದೆ. ಅದು ಇದ್ದದ್ದು ಹಳದಿ! ಆ ಕಾಲದಲ್ಲಿ ಚಿತ್ರ ತೆಗೆಯಲು ಬಳಸುತ್ತಿದ್ದ, ಕೊಲೋಡಿಯನ್ ಎಂಬ ಅಂಟುದ್ರವ ಲೇಪಿಸಿದ ಫಲಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಹತ್ತುತ್ತಿತ್ತು. ಕೆಂಪು, ಹಳದಿ ಬಹುಮಟ್ಟಿಗೆ ಹತ್ತುತ್ತಲೇ ಇರಲಿಲ್ಲ. ಹೀಗಾಗಿ ಕಣ್ಣಿಗೆ ಹೊಳೆಯುವ ಹಳದಿ ಚಿತ್ರದಲ್ಲಿ ಮಸಿಯಾಗುತ್ತದೆ, ತಿಳಿನೀಲಿ ಬಿಳುಚಿಕೊಳ್ಳುತ್ತದೆ. ಉತ್ತರದ ಸೈನ್ಯದಲ್ಲಿ ಕುದುರೆ ದಳಕ್ಕೆ ಹಳದಿ, ಫಿರಂಗಿ ದಳಕ್ಕೆ ಕೆಂಪು, ಕಾಲಾಳುಗಳಿಗೆ ತಿಳಿನೀಲಿ ಅಂಚು. ಅಂಚು ಬೆಳ್ಳಗಿದ್ದರೆ ಕಾಲಾಳು ಅನ್ನಬಹುದು. ಕಪ್ಪಗಿದ್ದರೆ ಹಳದಿಯೋ ಕೆಂಪೋ ಚಿತ್ರ ಹೇಳುವುದಿಲ್ಲ. ಟೋಪಿಯ ಮೇಲಿನ ಬಿಲ್ಲೆ ನೋಡಬೇಕು. ಅಡ್ಡ ಕತ್ತಿಗಳಿದ್ದರೆ ಕುದುರೆ ದಳ, ಅಡ್ಡ ಫಿರಂಗಿಗಳಿದ್ದರೆ ಫಿರಂಗಿ ದಳ.

ಮೊದಲ ಮಹಾಯುದ್ಧದ ಹೊತ್ತಿಗೂ ಸಾಮಾನ್ಯ ಬಳಕೆಯ ಫಲಕಗಳಿಗೆ ಕೆಂಪು ಕಾಣುತ್ತಿರಲಿಲ್ಲ. 1914ರ ಫ್ರೆಂಚ್ ಕಾಲಾಳಿನ ಕೆಂಪು ಪ್ಯಾಂಟು ಚಿತ್ರದಲ್ಲಿ ಗಾಢವಾಗಿರುತ್ತದೆ, ಆಮೇಲೆ ಬಂದ ದಿಗಂತ ನೀಲಿಯ ಕೋಟು ಮಾಸಿದ ಬಿಳಿಯ ಹಾಗಿರುತ್ತದೆ. ಇದು ನಿಮ್ಮ ಸೈನಿಕನಿಗೂ ಉಪಯೋಗಕ್ಕೆ ಬರುತ್ತದೆ. ವಿದೇಶ ಸೇವೆಯ ಪಟ್ಟಿಗಳಲ್ಲಿ 1914ರ ಕೊನೆಯೊಳಗೆ ಹೊರಟವರಿಗೆ ಮೊದಲನೆಯದು ಕೆಂಪು, ಉಳಿದವು ನೀಲಿ. ಒಂದು ಗಾಢವಾಗಿ, ಮಿಕ್ಕವು ತೆಳುವಾಗಿ ಕಂಡರೆ ಅವನು ಮೊದಲ ವರ್ಷವೇ ಹಡಗು ಹತ್ತಿದವನು. ಎಲ್ಲ ಒಂದೇ ತೆರನಾಗಿದ್ದರೆ ನೀಲಿಯನ್ನೇ ಬಳಿಯಿರಿ.

ಬಣ್ಣ ತುಂಬಿದ ಪ್ರತಿಗಳ ತಂಟೆಗಂತೂ ಹೋಗಬೇಡಿ. ಈಗಿನ ಯಂತ್ರಗಳು ಮಸುಕಾದ ಮುಖವನ್ನು ಚೂಪು ಮಾಡುವ ನೆಪದಲ್ಲಿ ಇಲ್ಲದ ಗುಂಡಿ ಹೊಲಿಯುತ್ತವೆ, ಇದ್ದ ಬಿಲ್ಲೆಯನ್ನು ಅಳಿಸುತ್ತವೆ. ಹಳಬರೂ ಕಡಿಮೆಯೇನಲ್ಲ. ಸ್ಟುಡಿಯೋದವರು ಟಿನ್‌ಟೈಪ್‌ಗಳ ಕೆನ್ನೆಗೆ ಕೆಂಪು, ಗುಂಡಿಗೆ ಚಿನ್ನದ ಬಣ್ಣ ಕೈಯಲ್ಲೇ ಹಚ್ಚುತ್ತಿದ್ದರು. ಆ ಚುಕ್ಕೆಯಡಿ ಗುಂಡಿಯ ಮೇಲಿನ ಅಚ್ಚು ಮುಚ್ಚಿಹೋಗಿರುತ್ತದೆ.

ಸಲಕರಣೆಯಲ್ಲಿ ನಾನು ಮೊದಲು ಹುಡುಕುವುದು ಹೊಳಪನ್ನು. ಬ್ರಿಟಿಷ್ ಕಾಲಾಳಿನ 1908ರ ಮಾದರಿಯ ಸಲಕರಣೆ ಹತ್ತಿಯ ದಪ್ಪ ನೇಯ್ಗೆಯದು, ಬೆಳಕು ಬಿದ್ದರೂ ಮಂಕಾಗಿಯೇ ಇರುತ್ತದೆ. ಎದೆಯ ಎರಡೂ ಬದಿ ಐದೈದು ಪುಟ್ಟ ತೋಟಾ ಚೀಲಗಳು, ಒಟ್ಟು 150 ಗುಂಡು. ಯುದ್ಧ ಶುರುವಾಗಿ ಸೈನ್ಯ ಉಬ್ಬಿದಾಗ ಅಷ್ಟು ನೇಯ್ಗೆ ಪೂರೈಸಲಾಗದೆ 1914ರ ಮಾದರಿಯ ತೊಗಲಿನ ಸಲಕರಣೆ ಬಂತು: ಬದಿಗೊಂದು ದೊಡ್ಡ ಚೀಲ, ಹಾವಿನಂತೆ ಬಾಗಿದ ಕೊಕ್ಕೆಯ ಬಕಲ್, ಮಡಿಕೆಗಳಲ್ಲಿ ಮಿಂಚು. ಚೀಲ ಎಣಿಸಿದರೆ ಸಾಕು, ಯಾವುದು ಅಂತ ತಿಳಿಯುತ್ತದೆ.

ಕಾಲನ್ನು ಯಾರೂ ನೋಡುವುದಿಲ್ಲ, ನನಗೆ ಅದೇ ಪ್ರೀತಿ. ಮೊಣಕಾಲ ಕೆಳಗೆ ಸುತ್ತುವ ಬಟ್ಟೆಗೆ ಇಂಗ್ಲಿಷರು ಇಟ್ಟ ‘ಪಟೀ’ ಅನ್ನುವ ಹೆಸರು ಹಿಂದೂಸ್ತಾನಿಯ ‘ಪಟ್ಟಿ’ಯಿಂದಲೇ ಹೋದದ್ದು. ಕಾಲಾಳು ಅದನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ ಮೊಣಕಾಲ ಕೆಳಗೆ ಕಟ್ಟುತ್ತಾನೆ. ಕುದುರೆ ಹತ್ತುವವನು ಮೇಲಿನಿಂದ ಕೆಳಕ್ಕೆ ಸುತ್ತಿ ಕಣಕಾಲಿನ ಹತ್ತಿರ ಕಟ್ಟುತ್ತಾನೆ. ಟೋಪಿಯ ಬಿಲ್ಲೆ ಮಸುಕಾಗಿದ್ದರೂ ಗಂಟು ಎಲ್ಲಿದೆ ನೋಡಿ, ಅರ್ಧ ಉತ್ತರ ಸಿಕ್ಕಿತು.

ಇಸವಿ ಕಂಡುಹಿಡಿಯುವಾಗ ತೀರಾ ಹಳೆಯ ವಸ್ತುವಿನ ಹಿಂದೆ ಬೀಳಬೇಡಿ, ತೀರಾ ಹೊಸದನ್ನು ಹುಡುಕಿ. ಹಳೆಯ ಬೆಲ್ಟ್ ಇಪ್ಪತ್ತು ವರ್ಷ ಸೊಂಟದಲ್ಲಿರಬಹುದು, ಇನ್ನೂ ತಯಾರಾಗದ ಹೆಲ್ಮೆಟ್ ತಲೆ ಮೇಲಿರಲು ಸಾಧ್ಯವಿಲ್ಲ. ಬ್ರಿಟಿಷರ ಬ್ರೋಡಿ ಹೆಲ್ಮೆಟ್, ಫ್ರೆಂಚರ ಏಡ್ರಿಯನ್ ಹೆಲ್ಮೆಟ್ ಎರಡೂ 1915ರವು, ಜರ್ಮನ್ನರ ಉಕ್ಕಿನ ಹೆಲ್ಮೆಟ್ 1916ರದ್ದು. ಆಸ್ಟ್ರೇಲಿಯಾದವನ ತೋಳಿನಲ್ಲಿ ಅವನ ದಳದ ಗುರುತಾದ ಬಣ್ಣದ ಬಟ್ಟೆ ತುಂಡಿನ ಮೇಲೆ ‘ಎ’ ಅಕ್ಷರದ ಪುಟ್ಟ ಹಿತ್ತಾಳೆ ಇದ್ದರೆ ಅವನು ಟರ್ಕಿಯ ಗಲಿಪೊಲಿ ಕಾಳಗ ಕಂಡವನು. ಹಾಗೆ ಧರಿಸಲು ಅಪ್ಪಣೆ ಸಿಕ್ಕಿದ್ದು 1917ರ ಕೊನೆಗೆ.

ಇಷ್ಟೆಲ್ಲ ನೋಡಿದ ಮೇಲೂ ಚಿತ್ರದಲ್ಲಿರುವುದೆಲ್ಲ ಅವನದೇ ಅಂತಿಲ್ಲ. ಸ್ಟುಡಿಯೋಗಳಲ್ಲಿ ಕತ್ತಿ, ಪಿಸ್ತೂಲುಗಳನ್ನು ಇಟ್ಟುಕೊಂಡು ಬಂದವರ ಕೈಗೆ ಕೊಡುತ್ತಿದ್ದರು. ಒಂದೇ ಪರದೆಯ ಮುಂದೆ ಮೂವರು ಬೇರೆ ಬೇರೆ ಸೈನಿಕರು ಒಂದೇ ಪಿಸ್ತೂಲು ಹಿಡಿದಿದ್ದರೆ ಅದು ಅಂಗಡಿಯ ಆಸ್ತಿ. 1855ರಲ್ಲಿ ಕ್ರಿಮಿಯಾ ಯುದ್ಧದ ಚಿತ್ರ ತೆಗೆಯಲು ಹೋದ ಬ್ರಿಟಿಷ್ ಫೋಟೋಗ್ರಾಫರ್ ರೋಜರ್ ಫೆಂಟನ್ ತಾನೇ ಫ್ರೆಂಚ್ ಜುವಾವ್ (ಫ್ರೆಂಚ್ ಸೈನ್ಯದ ಒಂದು ಕಾಲಾಳು ದಳ) ಸೈನಿಕನ ವೇಷ ಹಾಕಿ ಕುಳಿತ ಚಿತ್ರವಿದೆ. 1863ರಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ರಣರಂಗದಲ್ಲಿ ಫೋಟೋಗ್ರಾಫರ್ ಅಲೆಕ್ಸಾಂಡರ್ ಗಾರ್ಡ್ನರ್ ಇನ್ನೂ ಮುಂದೆ ಹೋದ. ಸತ್ತ ಸೈನಿಕನೊಬ್ಬನ ದೇಹವನ್ನು ಹತ್ತಾರು ಗಜ ಹೊತ್ತು ತಂದು ಬಂಡೆಗಳ ನಡುವೆ ಮಲಗಿಸಿ, ಪಕ್ಕದಲ್ಲೊಂದು ಬಂದೂಕು ಒರಗಿಸಿ, ಗುರಿಕಾರನ ಅಡಗುತಾಣ ಅಂತ ಹೆಸರಿಟ್ಟ. ಒಂದೇ ಹೆಣ ಎರಡು ಜಾಗದ ಚಿತ್ರಗಳಲ್ಲಿ ಇರುವುದನ್ನು ಜನ ಗುರುತಿಸಿದ್ದು ಸುಮಾರು ನೂರು ವರ್ಷದ ಮೇಲೆ. ಆ ಬಂದೂಕು ಗುರಿಕಾರರು ಬಳಸುವಂಥದ್ದೂ ಆಗಿರಲಿಲ್ಲ.

ಅಭ್ಯಾಸಕ್ಕೆ ಫ್ರಾನ್ಸಿನ ವಿನ್ಯಾಕೂರ್ ಊರಿನ ಚಿತ್ರಗಳನ್ನು ನೋಡಿ. ಮೊದಲ ಮಹಾಯುದ್ಧದಲ್ಲಿ ತುಯ್ಯೆ ದಂಪತಿ ಅಲ್ಲಿಗೆ ಬಂದ ಸೈನಿಕರ ಫೋಟೋ ತೆಗೆದು ಮಾರುತ್ತಿದ್ದರು. ಆ ಗಾಜಿನ ಫಲಕಗಳು, ಸುಮಾರು 4,000, ಅಟ್ಟದ ಪೆಟ್ಟಿಗೆಗಳಲ್ಲಿ ಸಿಕ್ಕಿದ್ದು 2011ರಲ್ಲಿ. ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ ತನ್ನ ಪಾಲಿಗೆ ಬಂದವನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಮುಂಚೂಣಿಯಿಂದ ಬಂದು ಹಾಗೇ ನಿಂತವರು ಅವರು; ಹರಿದ ಜೇಬು, ಬಿಟ್ಟುಹೋದ ಗುಂಡಿ, ಕೆಸರು ಎಲ್ಲ ಇದೆ. ನಿಯಮಪುಸ್ತಕದ ಸೈನಿಕ ಅಲ್ಲಿ ಒಬ್ಬನೂ ಸಿಗುವುದಿಲ್ಲ.

ನಿಮ್ಮ ಫೋಟೋದ ಮೂಲಪ್ರತಿ ಯಾರ ಬಳಿಯಾದರೂ ಇದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ ಹಾಕಿ. ಸ್ಟುಡಿಯೋದ ಹೆಸರು, ಪೆನ್ಸಿಲ್ಲಿನಲ್ಲಿ ಗೀಚಿದ ಸಂಖ್ಯೆ, ಏನಿದ್ದರೂ ಸರಿ. ಜೊತೆಗೆ ಮುಂಗೈ ಭಾಗವನ್ನು ಎಷ್ಟು ದೊಡ್ಡದಾಗುತ್ತದೋ ಅಷ್ಟು ದೊಡ್ಡದಾಗಿ ಕಳಿಸಿ, ಪಟ್ಟಿ ಎಷ್ಟಿವೆ ಅಂತ ಒಟ್ಟಿಗೆ ಎಣಿಸೋಣ.