ಟೂರ್ ಮಾರುವವರು ಒಬ್ಬರು, ನಡೆಸುವವರು ಇನ್ನೊಬ್ಬರು

ಪ್ರಶ್ನೆ: ನಾನು ಮತ್ತು ನನ್ನ ಗೆಳತಿ ನವೆಂಬರ್‌ನಲ್ಲಿ ಮೂರು ವಾರ ಬೆನ್ನಿಗೊಂದು ಚೀಲ ಏರಿಸಿಕೊಂಡು ಹನೋಯಿಯಿಂದ ಹೋ ಚಿ ಮಿನ್ ನಗರದವರೆಗೆ ವಿಯೆಟ್ನಾಂ ಸುತ್ತಬೇಕೆಂದಿದ್ದೇವೆ. ಹಾಲಾಂಗ್ ಕೊಲ್ಲಿ, ಹಾ ಜಿಯಾಂಗ್ ಬೆಟ್ಟಗಳು ಮತ್ತು ಮೆಕಾಂಗ್ ಮುಖಜಭೂಮಿಗೆ ಅಲ್ಲಿನ ಟೂರ್‌ಗಳನ್ನೇ ಸೇರಬೇಕಂತೆ, ಆದರೆ ಅವು ಹೇಳಿದಂತೆ ನಡೆಯುವುದಿಲ್ಲವಂತೆ. ದಾರಿಯಲ್ಲಿ ಸಿಗುವ ಅಪರಿಚಿತ ಪ್ರವಾಸಿಗರ ಜೊತೆ ಸೇರಿಕೊಳ್ಳಬಹುದೇ? ನಾವಿಬ್ಬರೂ ಸಸ್ಯಾಹಾರಿಗಳು.
– ಓದುಗರು, ಶಿವಮೊಗ್ಗ

ಉತ್ತರ: ನೀವು ಕೇಳಿದ್ದು ನಿಜ, ಆದರೆ ಅದರ ಹಿಂದೆ ಯಾವಾಗಲೂ ಮೋಸವೇ ಇರುತ್ತದೆಂದು ಭಾವಿಸಬೇಡಿ. ಹನೋಯಿಯ ಹಳೆಯ ಪೇಟೆಯಲ್ಲಿ ಬೀದಿಗೆ ಹಲವು ಟೂರ್ ಅಂಗಡಿಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ದೋಣಿಯೂ ಇಲ್ಲ, ಬಸ್ಸೂ ಇಲ್ಲ. ಹಲವು ಅಂಗಡಿಗಳೂ ಹಾಸ್ಟೆಲ್‌ಗಳೂ ಮಾರಿದ ಸೀಟುಗಳನ್ನು ಒಟ್ಟುಗೂಡಿಸಿ ಮತ್ತೊಬ್ಬರು ಟೂರ್ ನಡೆಸುತ್ತಾರೆ. ಆದ್ದರಿಂದಲೇ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತವರು ಬೇರೆ ಬೇರೆ ಹಣ ಕೊಟ್ಟಿರುತ್ತಾರೆ, ಬೇರೆ ಬೇರೆ ಭರವಸೆಗಳನ್ನು ಪಡೆದಿರುತ್ತಾರೆ. ಮೊದಲ ಸಲ ಹಾಲಾಂಗ್‌ಗೆ ಹೋದಾಗ ನನಗೆ ತೋರಿಸಿದ ಚಿತ್ರದ ದೋಣಿ ಒಂದು, ಬಂದರಿನಲ್ಲಿ ಹತ್ತಿಸಿದ್ದು ಇನ್ನೊಂದು. ಗೈಡ್ ಸಭ್ಯ ಯುವಕ. ಅಂಗಡಿಯವರು ನನಗೆ ಏನು ಹೇಳಿದ್ದರೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಅವನ ಮೇಲೆ ರೇಗಿದ್ದಕ್ಕೆ ಇಂದಿಗೂ ನನಗೆ ಬೇಸರವಿದೆ.

ಆದುದರಿಂದ ಹಣ ಕೊಡುವ ಮೊದಲು ದೋಣಿಯ ಹೆಸರೇನು, ಅದರಲ್ಲಿ ಎಷ್ಟು ಜನ, ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಿಸುತ್ತಾರೆ, ಹೊರಡದಿದ್ದರೆ ಹಣ ಯಾರು ಹಿಂದಿರುಗಿಸುತ್ತಾರೆ ಎಂದು ಕೇಳಿ, ಉತ್ತರಗಳನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಎದ್ದು ಬನ್ನಿ. ಹಾಲಾಂಗ್‌ನ ಜನದಟ್ಟಣೆ ಬೇಡವೆನಿಸಿದರೆ, ಅದಕ್ಕೆ ಹೊಂದಿಕೊಂಡೇ ಇರುವ ಲಾನ್ ಹಾ ಕೊಲ್ಲಿಯನ್ನು ಕಾಟ್ ಬಾ ದ್ವೀಪದಲ್ಲಿ ಉಳಿದು ನೋಡಬಹುದು. ಸುಣ್ಣಕಲ್ಲಿನ ಗುಡ್ಡಗಳು ಅಲ್ಲಿಯೂ ಅಷ್ಟೇ ಚೆಲುವಾಗಿವೆ.

ಒಂದು ವಿಷಯದಲ್ಲಿ ಮಾತ್ರ ವಾದಕ್ಕಿಳಿಯಬೇಡಿ. ಹವಾಮಾನ ಕೆಟ್ಟಾಗ ದೋಣಿ ಬಿಡಬಾರದೆಂದು ಅಧಿಕಾರಿಗಳು ಆದೇಶಿಸಿದರೆ ಯಾವ ಏಜೆನ್ಸಿಯೂ ಏನೂ ಮಾಡಲಾರದು. 2025ರ ಜುಲೈ 19ರಂದು ಹಾಲಾಂಗ್‌ನಲ್ಲಿ ಹಠಾತ್ತನೆ ಎದ್ದ ಬಿರುಗಾಳಿಗೆ ಪ್ರವಾಸಿ ದೋಣಿಯೊಂದು ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹನೋಯಿಯಲ್ಲಿ ಒಂದು ದಿನವನ್ನು ಖಾಲಿ ಇಟ್ಟುಕೊಂಡರೆ, ರದ್ದಾದ ಟೂರ್ ಮರುದಿನಕ್ಕೆ ಹೋದರೂ ನಿಮ್ಮ ಮುಂದಿನ ಪಯಣ ಕೆಡುವುದಿಲ್ಲ.

ಹಾ ಜಿಯಾಂಗ್‌ಗೆ ನೀವು ಆರಿಸಿದ ತಿಂಗಳು ಒಳ್ಳೆಯದು. ಅಕ್ಟೋಬರ್-ನವೆಂಬರ್‌ನಲ್ಲಿ ಅಲ್ಲಿನ ಡೊಂಗ್ ವಾನ್ ಪ್ರಸ್ಥಭೂಮಿಯಲ್ಲಿ ‘ಬಕ್‌ವೀಟ್’ ಎಂಬ ಧಾನ್ಯದ ಗುಲಾಬಿ ಹೂವು ಅರಳಿರುತ್ತದೆ. ಸುಮಾರು 350 ಕಿಲೋಮೀಟರ್‌ಗಳ ಈ ಬೆಟ್ಟದಾರಿಯ ಸುತ್ತನ್ನು ಮೂರು ನಾಲ್ಕು ದಿನಗಳಲ್ಲಿ ಬೈಕಿನಲ್ಲಿ ಮುಗಿಸುತ್ತಾರೆ. ದಯವಿಟ್ಟು ನೀವೇ ಓಡಿಸಬೇಡಿ. ಭಾರತದಲ್ಲಿ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಹಾಗಾಗಿ ಅಪಘಾತವಾದರೆ ವಿಮೆಯ ಹಣವೂ ಕೈಗೆ ಬರದಿರಬಹುದು. ಮಾ ಪಿ ಲೆಂಗ್ ಕಣಿವೆದಾರಿಯ ತಿರುವುಗಳು ಹೊಸಬರಿಗಲ್ಲ. ಸ್ಥಳೀಯ ಸವಾರರ ಹಿಂದೆ ಕುಳಿತು ಹೋಗುವ ವ್ಯವಸ್ಥೆ ಎಲ್ಲೆಡೆ ಇದೆ, ಅದಕ್ಕೆ ‘ಈಸಿ ರೈಡರ್’ ಎನ್ನುತ್ತಾರೆ. ಗುಂಪು ಚಿಕ್ಕದಿರಲಿ. ರಾತ್ರಿಯ ಊಟಕ್ಕೆ ಮೆಕ್ಕೆಜೋಳದ ಸಾರಾಯಿಯನ್ನು ಧಾರಾಳವಾಗಿ ಕೊಡುವ ರೂಢಿಯಿರುವುದರಿಂದ, ಬೆಳಿಗ್ಗೆ ಬೈಕು ಹತ್ತುವ ಮೊದಲು ನಿಮ್ಮ ಸವಾರರ ಸ್ಥಿತಿಯನ್ನು ಗಮನಿಸಿ, ಅನುಮಾನ ಬಂದರೆ ಹತ್ತಬೇಡಿ.

ಸಹಪ್ರಯಾಣಿಕರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಖಂಡಿತ ಸೇರಿಕೊಳ್ಳಿ, ಆದರೆ ಒಂದೊಂದು ಹಂತಕ್ಕೆ ಮಾತ್ರ. ದೇಶ ಉದ್ದವಾಗಿ, ಕಿರಿದಾಗಿ ಇರುವುದರಿಂದ ಬಹುತೇಕರು ಉತ್ತರದಿಂದ ದಕ್ಷಿಣಕ್ಕೋ ದಕ್ಷಿಣದಿಂದ ಉತ್ತರಕ್ಕೋ ಒಂದೇ ದಾರಿಯಲ್ಲಿ ಸಾಗುತ್ತಾರೆ. ನಿನ್ಹ್ ಬಿನ್ಹ್‌ನಲ್ಲಿ ಬೀಳ್ಕೊಟ್ಟವರು ಫೋಂಗ್ ನ್ಯಾದ ಗುಹೆಯ ಬಾಗಿಲಲ್ಲಿ ಮತ್ತೆ ಸಿಗುತ್ತಾರೆ. ಇದೇ ಈ ದೇಶದಲ್ಲಿ ತಿರುಗುವುದರ ದೊಡ್ಡ ಸಂತೋಷ. ಮೂರು ವಾರವೂ ಜೊತೆಗಿರುವ ಒಪ್ಪಂದ ಮಾಡಿಕೊಂಡರೆ ಮಾತ್ರ ಅವರ ಆತುರವೂ ನಿಮ್ಮ ಆಸೆಯೂ ಬೇಗ ತಿಕ್ಕಾಡುತ್ತವೆ. ಹಂಚಿಕೊಂಡ ಖರ್ಚನ್ನು ಅದೇ ದಿನ ಚುಕ್ತಾ ಮಾಡಿ. 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ ಛಾಯೆಯವು, ಮಂದ ಬೆಳಕಿನಲ್ಲಿ ಎಣಿಸುವಾಗ ಎಚ್ಚರವಿರಲಿ.

ಮಧ್ಯ ವಿಯೆಟ್ನಾಂನ ಹುವೆ ಮತ್ತು ಹೋಯಿ ಆನ್‌ಗೆ ನವೆಂಬರ್ ಮಳೆಗಾಲ. ಹೋಯಿ ಆನ್‌ನ ಹಳೆಯ ಬೀದಿಗಳಿಗೆ ಹೊಳೆಯ ನೀರು ನುಗ್ಗುವುದೂ ಉಂಟು. ಅಲ್ಲಿನ ಯಾವುದನ್ನೂ ಮುಂಗಡವಾಗಿ ಕಾಯ್ದಿರಿಸಬೇಡಿ. ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಮಾತ್ರ ಮಿ ಸನ್‌ಗೆ ಹೋಗಿ ಬನ್ನಿ. ಹಿಂದೆ ಇಲ್ಲಿದ್ದ ಚಂಪಾ ರಾಜ್ಯದ ಅರಸರು ನಾಲ್ಕನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಕಟ್ಟಿಸಿದ ಶಿವಾಲಯಗಳಿವು. ಸಂಸ್ಕೃತ ಶಾಸನಗಳಿವೆ, ಭಾರತೀಯ ಪುರಾತತ್ತ್ವ ಇಲಾಖೆ ಇಲ್ಲಿ ಜೀರ್ಣೋದ್ಧಾರ ನಡೆಸಿದೆ. ಇಲ್ಲಿ ಒಳ್ಳೆಯ ಗೈಡ್‌ಗೆ ಕೊಟ್ಟ ಹಣ ವ್ಯರ್ಥವಾಗದು.

ಮೆಕಾಂಗ್‌ನ ಒಂದು ದಿನದ ಟೂರ್‌ಗಳು ಸಾಮಾನ್ಯವಾಗಿ ಮಿ ಥೋ, ಬೆನ್ ಚೆಗೆ ಕರೆದೊಯ್ದು ತೆಂಗಿನ ಮಿಠಾಯಿ, ಜೇನು, ಹಾಡು, ಪುಟ್ಟ ದೋಣಿ ಎಂದು ಸುತ್ತಿಸುತ್ತವೆ. ನದಿಯ ನಿಜವಾದ ಬದುಕು ಕಾಣಬೇಕಿದ್ದರೆ ಕಾನ್ ಥೋದಲ್ಲಿ ತಂಗಿ, ನಸುಕಿನ ಐದರ ಹೊತ್ತಿಗೆ ದೋಣಿ ಗೊತ್ತುಮಾಡಿಕೊಂಡು ಕಾಯ್ ರಾಂಗ್ ತೇಲು ಮಾರುಕಟ್ಟೆಗೆ ಹೋಗಿ.

ಊಟಕ್ಕೆ ‘ಚಾಯ್’ ಎಂಬ ಪದ ಸಾಕು. ಬೌದ್ಧರ ಸಸ್ಯಾಹಾರಕ್ಕೆ ಅಲ್ಲಿನ ಹೆಸರು ಅದು, ‘ಕಾಮ್ ಚಾಯ್’ ಎಂದು ಬರೆದ ಅಂಗಡಿಗಳು ಬಹುತೇಕ ಪಟ್ಟಣಗಳಲ್ಲಿ ಸಿಗುತ್ತವೆ. ಬರಿದೆ ಮಾಂಸ ಬೇಡವೆಂದರೆ ಮೀನಿನ ರಸ ಬೆರೆಸಿದ ತರಕಾರಿ ಬರುತ್ತದೆ. ಟೂರ್ ಗೊತ್ತುಮಾಡುವಾಗಲೇ ರಸೀದಿಯಲ್ಲಿ ಈ ಪದವನ್ನೂ ಬರೆಸಿ, ಬಸ್ಸು ಹತ್ತಿದ ಕೂಡಲೇ ಅದನ್ನು ಗೈಡ್‌ಗೆ ತೋರಿಸಿ, ಏಕೆಂದರೆ ನಿಮ್ಮ ಊಟದ ಮಾತೂ ಅಂಗಡಿಯಿಂದ ಅವರ ಕಿವಿಗೆ ಬಿದ್ದಿರುವುದಿಲ್ಲ.